ಭೂಮಿ ನಡುಗುವ ಮೊದಲೇ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳು

ವಿಷಯ: ವಿಪತ್ತಿನ ಸಮಯದಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪತಿ ಮತ್ತು ಯೋಗದವರ ಸೇವೆಯನ್ನು ಜಿಲ್ಲಾ ಯೋಜನೆಯಲ್ಲಿ ಸೇರಿಸುವ ಕುರಿತು.

ಮಾನ್ಯರೇ,

ನಾನು ಚಿಂಚೋಳಿ ತಾಲ್ಲೂಕಿನಲ್ಲಿ ಸಣ್ಣ ದವಾಖಾನೆ ನಡೆಸುವ ಆಯುರ್ವೇದ ವೈದ್ಯೆ. ಆಯುರ್ವೇದದ ಪದವಿ ಬಿಎಎಂಎಸ್ ಓದಿದ್ದೇನೆ, ರಾಜ್ಯ ಮಂಡಳಿಯ ನೋಂದಣಿ ಇದೆ. ನನ್ನ ಜೊತೆ ಊರೂರು ತಿರುಗುವ ಗೆಳೆಯರಲ್ಲಿ ಯುನಾನಿ ಪದವಿ ಬಿಯುಎಂಎಸ್ ಓದಿದ ಹಕೀಮರಿದ್ದಾರೆ, ಹೋಮಿಯೋಪತಿ ವೈದ್ಯೆ ಇದ್ದಾರೆ, ಶಾಲೆಯಲ್ಲಿ ಯೋಗ ಕಲಿಸುವ ಮಾಸ್ತರರಿದ್ದಾರೆ. ಅವರೆಲ್ಲರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾವು ಕೇಳುವುದು ಇಷ್ಟೇ. ಭೂಕಂಪ, ಪ್ರವಾಹ ಬಂದಾಗ ನಾವು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ನೀವೇ ಮೊದಲೇ ಬರೆದಿಡಿ. ವಿಪತ್ತು ಬಂದ ದಿನ ಶಿಬಿರದ ಬಾಗಿಲಲ್ಲಿ ನಿಂತು ಜಗಳ ಆಡುವ ಪರಿಸ್ಥಿತಿ ನಮಗೂ ಬೇಡ, ನಿಮ್ಮ ಸಿಬ್ಬಂದಿಗೂ ಬೇಡ.

2021ರ ಅಕ್ಟೋಬರ್ ನಿಮಗೆ ನೆನಪಿರಬಹುದು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ಮತ್ತೆ ಮತ್ತೆ ನಡುಗಿತು. ನೆಲದೊಳಗಿಂದ ದೊಡ್ಡ ಸದ್ದು ಬರುತ್ತಿತ್ತು. ಅಕ್ಟೋಬರ್ 11ರ ರಾತ್ರಿಯ ಕಂಪನದ ತೀವ್ರತೆ 4.1 ಎಂದು ದಾಖಲಾಯಿತು. ಪುಸ್ತಕದಲ್ಲಿ ಓದಿದವರಿಗೆ ಇದು ಸಣ್ಣ ಸಂಖ್ಯೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತಲೆಯ ಮೇಲೆ ಭಾರದ ಛಾವಣಿ ಇರುವ ಮನೆಯಲ್ಲಿ ಮಕ್ಕಳನ್ನು ಮಲಗಿಸಿಕೊಂಡವರಿಗೆ ಅದು ಸಣ್ಣದಾಗಿರಲಿಲ್ಲ. ಜನ ಅಂಗಳದಲ್ಲಿ, ಹೊಲದಲ್ಲಿ, ಶಾಲೆಯ ಮೈದಾನದಲ್ಲಿ ಮಲಗಿದರು. ಬೀಗ ಹಾಕಿ ನೆಂಟರ ಊರಿಗೆ ಹೋದವರೂ ಇದ್ದರು.

ಅವರು ಅಷ್ಟೊಂದು ಹೆದರಿದ್ದಕ್ಕೆ ಕಾರಣ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10,000 ಮಂದಿ ಸತ್ತರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ನಮ್ಮಲ್ಲಿರುವಂಥದ್ದೇ ಕಲ್ಲು ಮಣ್ಣಿನ ಗೋಡೆಗಳು. ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಆಳಂದ, ಬಸವಕಲ್ಯಾಣ ಕಡೆಯ ಹಿರಿಯರಿಗೆ ಆ ನಸುಕು ಇವತ್ತಿಗೂ ಮರೆತಿಲ್ಲ. ಹಾಗಾಗಿ "ಸಣ್ಣ ಕಂಪನ, ಹೆದರಬೇಡಿ" ಎಂದು ಮೈಕಿನಲ್ಲಿ ಕೂಗಿದರೆ ಅವರ ಹೆದರಿಕೆ ಹೋಗುವುದಿಲ್ಲ.

2021ರ ಆ ದಿನಗಳಲ್ಲಿ ನನ್ನ ದವಾಖಾನೆಗೆ ಮೂಳೆ ಮುರಿದುಕೊಂಡವರು ಬರಲಿಲ್ಲ. ಬಂದವರೆಲ್ಲ ಬೇರೆ ಥರದವರು. "ಎದಿ ಡವಡವ ಅಂತದ್ರಿ, ನಿದ್ದಿ ಬರವಲ್ದು" ಎನ್ನುವ ಹೆಂಗಸರು. ಒಳಗೆ ಹೋಗಿ ಅನ್ನ ಹಚ್ಚಿಕೊಂಡು ಬರಲೂ ಅಂಜುವ ಹುಡುಗಿಯರು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಎಂಟು ಒಂಬತ್ತು ವರ್ಷದ ಮಕ್ಕಳು. ತೊಗರಿ ಹೊಲದ ಕೆಲಸ ಬಿಟ್ಟು ದಿನವಿಡೀ ಕಟ್ಟೆಯ ಮೇಲೆ ಕೂತಿರುತ್ತಿದ್ದ ಗಂಡಸರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ನೋಡು ಯವ್ವಾ, ನೆಲ ಸುಮ್ನಿದ್ರೂ ಅಲುಗಾಡಿದಂಗ ಆಗ್ತದ" ಎಂದಳು. ಅದು ಹುಚ್ಚಲ್ಲ, ನಾಟಕವೂ ಅಲ್ಲ. 2011ರ ದೊಡ್ಡ ಭೂಕಂಪದ ನಂತರ ಜಪಾನಿನ ಜನರೂ ಇದೇ ಮಾತು ಹೇಳಿದ್ದರು. ಮೈ ಒಮ್ಮೆ ಹೆದರಿದರೆ ನೆಲ ನಿಂತ ಮೇಲೂ ಅದು ನಿಲ್ಲುವುದಿಲ್ಲ.

ಇಂಥವರನ್ನು ಯಾರು ನೋಡಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರ ಮುಂದೆ ಜ್ವರದವರು, ಬಾಣಂತಿಯರು, ಲಸಿಕೆ ಕೆಲಸ ಎಲ್ಲ ಇರುತ್ತದೆ. ಅವರು ಒಬ್ಬೊಬ್ಬರ ಹತ್ತಿರ ಇಪ್ಪತ್ತು ನಿಮಿಷ ಕೂರಲು ಆಗುವುದಿಲ್ಲ. ಮನೋವೈದ್ಯರು ಜಿಲ್ಲಾ ಕೇಂದ್ರದಲ್ಲಿರುತ್ತಾರೆ. ನಾವು ಮಾತ್ರ ಊರಿನಲ್ಲೇ ಇರುತ್ತೇವೆ.

ಅದಕ್ಕೇ ನಾವು ಹೋದೆವು. ಜನ ಹೊರಗೆ ಮಲಗುತ್ತಿದ್ದ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಒಬ್ಬ ನೌಕರನ ಮೇಲೆ ಕ್ರಮ ಆಗಲಿ ಎಂಬುದು ನನ್ನ ಉದ್ದೇಶವಲ್ಲ. ಬಿ.ಪಿ. ನೋಡುವ ಯಂತ್ರ, ಸಕ್ಕರೆ ಪರೀಕ್ಷೆಯ ಪಟ್ಟಿ, ಓಆರ್‌ಎಸ್ ಪೊಟ್ಟಣ, ಒಂದು ರಿಜಿಸ್ಟರ್, ಬಿಸಿ ಮಾಡಿ ಹಚ್ಚಲು ಎಳ್ಳೆಣ್ಣೆ ತೆಗೆದುಕೊಂಡು ಹೋಗಿದ್ದೆವು. ಯಾವ ಬ್ಯಾನರೂ ಇರಲಿಲ್ಲ. ಮೈದಾನದ ಗೇಟಿನಲ್ಲಿ ನಮ್ಮನ್ನು ತಡೆದರು. "ಮೇಡಂ, ಯಾರ ಆರ್ಡರ್ ಮ್ಯಾಲೆ ಬಂದೀರಿ? ಲಿಸ್ಟಿನಾಗ ನಿಮ್ಮ ಹೆಸರಿಲ್ಲ" ಎಂದರು. ನೋಂದಣಿ ಪತ್ರ ತೋರಿಸಿದೆ. "ಇದು ಆಯುರ್ವೇದದ್ದು, ಇಲ್ಲಿ ಡಾಕ್ಟರ್ ಬೇಕು" ಎಂದರು. ಫೋನು ಮಾಡಿ ಕೇಳಿ ಎಂದರೆ ಯಾರಿಗೆ ಮಾಡಬೇಕು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ಬೇವಿನ ಮರದ ಕೆಳಗೆ ಕೂತು ವಾಪಸ್ ಬಂದೆವು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಅದೇ ಹೊತ್ತಿಗೆ ಒಂದು ಜೀಪು ಬಂತು. ಅದರಲ್ಲಿದ್ದವನ ಬಳಿ ಪದವಿ ಇರಲಿಲ್ಲ, ನೋಂದಣಿ ಇರಲಿಲ್ಲ. "ಹೆದರಿಕಿ ಹೋಗೋ ಔಷಧ" ಎಂದು ಕೂಗುತ್ತಾ ಕಪ್ಪು ಪುಡಿಯ ಪೊಟ್ಟಣ ಹಂಚಿದ. ಮೊದಲ ಪೊಟ್ಟಣ ಪುಕ್ಕಟೆ, ಎರಡನೆಯದಕ್ಕೆ ರೊಕ್ಕ. ಊರಿನ ಪ್ರಮುಖರು ಜೊತೆಗಿದ್ದರು, ಫೋಟೋ ತೆಗೆದರು. ಅವನನ್ನು ಯಾರೂ ತಡೆಯಲಿಲ್ಲ. ಲಿಸ್ಟಿನಲ್ಲಿ ಅವನ ಹೆಸರೂ ಇರಲಿಲ್ಲ, ಅಲ್ವಾ? ಈ ಪುಡಿ ತಿನ್ನುವಾಗ ಬೇರೆ ಗುಳಿಗೆ ತಿನ್ನಬಾರದು ಎಂದು ಅವನು ಹೇಳಿಹೋಗಿದ್ದ. ಬಿ.ಪಿ. ಗುಳಿಗೆ ಬಿಟ್ಟ ಒಬ್ಬ ಹೆಂಗಸು ಕೆಲವು ದಿನಗಳಲ್ಲೇ ತಲೆ ಸುತ್ತಿ ಬಿದ್ದಳು. ನನ್ನ ದವಾಖಾನೆಗೆ ಕರೆತಂದಾಗ ಬಿ.ಪಿ. ಎಷ್ಟು ಏರಿತ್ತೆಂದರೆ ನಾನು ಏನನ್ನೂ ಕೊಡದೆ 108ಕ್ಕೆ ಫೋನು ಮಾಡಿದೆ. ತಾಲ್ಲೂಕು ಆಸ್ಪತ್ರೆಯವರು ಅವಳನ್ನು ಉಳಿಸಿದರು. ಅವರಿಗೆ ನಮಸ್ಕಾರ.

ಗೇಟಿನಲ್ಲಿದ್ದ ನೌಕರನ ಪ್ರಶ್ನೆ ತಪ್ಪಲ್ಲ ಎಂದು ನಾನು ಒಪ್ಪುತ್ತೇನೆ. ಕಷ್ಟದಲ್ಲಿರುವ ಜನರ ಹತ್ತಿರ ಯಾರು ಯಾರೋ ಹೋಗಬಾರದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ವ್ಯವಸ್ಥೆ ಅವನ ಕೈಯಲ್ಲಿ ಇರಲಿಲ್ಲ. ಅದನ್ನು ಮಾಡಿಕೊಡಬೇಕಾದವರು ನೀವು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಹೊಸದು ಮಾಡಬೇಕು ಎನ್ನುತ್ತದೆ. ಪ್ರಾಧಿಕಾರದಲ್ಲಿ ನೀವು ಅಧ್ಯಕ್ಷರು, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸದಸ್ಯರು. ಬೇಕಾದರೆ ಸಲಹಾ ಸಮಿತಿ ಮಾಡಿಕೊಳ್ಳಲೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ನಮಗಾಗಿ ಹೊಸ ಕಾನೂನು ಬೇಡ. ಇರುವ ಯೋಜನೆಯಲ್ಲಿ ಎರಡು ಪುಟ ಸೇರಿದರೆ ಸಾಕು.

ಆಯುಷ್ ವೈದ್ಯರನ್ನು, ಅಂದರೆ ಆಯುರ್ವೇದ, ಯೋಗ, ಯುನಾನಿ, ಹೋಮಿಯೋಪತಿಯಂಥ ಪದ್ಧತಿಗಳವರನ್ನು, ಸರ್ಕಾರ ನಂಬುವುದಿಲ್ಲ ಎಂದೂ ಅಲ್ಲ. ಕೋವಿಡ್ ಬಂದಾಗ ನಮ್ಮನ್ನು ಕರೆದು ಡ್ಯೂಟಿ ಹಾಕಿದ್ದಿರಿ. ಅಂಗನವಾಡಿ, ಶಾಲೆ ಮಕ್ಕಳ ತಪಾಸಣೆಗೆ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು ಇರಬೇಕು, ಒಬ್ಬರು ಮಹಿಳೆ, ಒಬ್ಬರು ಪುರುಷ ಎಂಬುದು ಕೇಂದ್ರದ್ದೇ ನಿಯಮ. ಊರಿನ ಮಕ್ಕಳಿಗೆ ಆ ವೈದ್ಯರ ಮುಖ ಪರಿಚಯ ಇರುತ್ತದೆ. ಭೂಮಿ ನಡುಗಿದ ಮಾರನೇ ದಿನ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗುವಿನ ಹತ್ತಿರ ಮಾತಾಡಲು ಅವರಿಗಿಂತ ಒಳ್ಳೆಯವರು ಯಾರು ಸಿಗುತ್ತಾರೆ? ಕಲಬುರಗಿಯಲ್ಲಿ ಆಯುರ್ವೇದ, ಹೋಮಿಯೋಪತಿ, ಯುನಾನಿ ಕಾಲೇಜುಗಳಿವೆ. ಬೀದರ್‌ನಲ್ಲೂ ಆಯುರ್ವೇದ ಕಾಲೇಜಿದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರ ದಂಡೇ ಇದೆ. ಅವರಲ್ಲಿ ಎಷ್ಟೋ ಮಂದಿ ಇದೇ ಹಳ್ಳಿಗಳ ಮಕ್ಕಳು.

ಬೇರೆ ಕಡೆ ಏನಾಯಿತು ಎಂಬುದನ್ನೂ ಹೇಳಬೇಕು. 2004ರ ಡಿಸೆಂಬರ್ 26ರಂದು ಸುಮಾತ್ರಾ ಹತ್ತಿರ ಸಮುದ್ರದಡಿ ಭೂಕಂಪವಾಗಿ ಸುನಾಮಿ ಬಂತು. 14 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಹೋದರು. ನಮ್ಮ ದೇಶದಲ್ಲಿ ತಮಿಳುನಾಡಿನ ನಾಗಪಟ್ಟಣಂ, ಅಂಡಮಾನ್ ನಿಕೋಬಾರ್‌ಗೆ ಬಿದ್ದ ಪೆಟ್ಟು ಬಹಳ ದೊಡ್ಡದು. ಒಂದು ತಿಂಗಳಾದ ಮೇಲೆ ಬೆಂಗಳೂರಿನ ಯೋಗ ಸಂಶೋಧಕರು ಅಂಡಮಾನ್ ಶಿಬಿರಗಳಿಗೆ ಹೋಗಿ 47 ಜನರಿಗೆ ಒಂದು ವಾರ ಯೋಗ ಮಾಡಿಸಿದರು. ಅಂಜಿಕೆ, ಕಳವಳ, ದುಃಖ, ನಿದ್ದೆಗೇಡು ನಾಲ್ಕೂ ಕಡಿಮೆಯಾದವು ಎಂದು ಆ ಜನರೇ ಹೇಳಿದರು. ನಾಗಪಟ್ಟಣಂ ಶಿಬಿರಗಳಲ್ಲಿ 183 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಉಸಿರಾಟದ ಅಭ್ಯಾಸ ಮಾಡಿದವರ ಮನಸ್ಸು, ಅದನ್ನು ಕಲಿಯಲು ಸರದಿ ಕಾಯುತ್ತಾ ಇದ್ದವರಿಗಿಂತ ಆರು ವಾರದಲ್ಲಿ ಹೆಚ್ಚು ಸುಧಾರಿಸಿತ್ತು. 2008ರ ಬಿಹಾರ ಪ್ರವಾಹದ ನಂತರ 22 ಸಂತ್ರಸ್ತರನ್ನು ಎರಡು ಗುಂಪು ಮಾಡಿ ನೋಡಿದಾಗ ಯೋಗ ಮಾಡಿದವರ ದುಃಖ ಇಳಿದಿತ್ತು, ಮಾಡದವರ ಕಳವಳ ಏರಿತ್ತು.

ಈ ಸಂಖ್ಯೆಗಳನ್ನು ದೊಡ್ಡದು ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. 47, 22 ಎನ್ನುವುದು ಸಣ್ಣ ಗುಂಪು. ಅಂಡಮಾನ್‌ನಲ್ಲಿ ಯೋಗ ಮಾಡದ ಗುಂಪಿನ ಜೊತೆ ಹೋಲಿಕೆ ಇರಲಿಲ್ಲ. ನಾಗಪಟ್ಟಣಂನಲ್ಲಿ ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿ ಆದದ್ದಲ್ಲ, ಶಿಬಿರದ ಪ್ರಕಾರ ಹಂಚಿದ್ದು. ಹಾಗಿದ್ದರೂ ಒಂದು ಮಾತು ಖಾತ್ರಿ. ನಿಧಾನವಾಗಿ ಉಸಿರಾಡುವುದಕ್ಕೆ ಖರ್ಚಿಲ್ಲ, ಸರಿಯಾಗಿ ಕಲಿಸಿದರೆ ಕೆಡುಕಿಲ್ಲ, ರಾತ್ರಿ ಎಲ್ಲರೂ ಒಟ್ಟಿಗೆ ಮಾಡಬಹುದು.

ಕಿವಿಗೆ ಸೂಜಿ ಚುಚ್ಚುವ ಒಂದು ಪದ್ಧತಿಯೂ ಇದೆ. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ನಶೆ ಬಿಡಿಸಲು ಶುರುವಾದದ್ದು. ಕಿವಿಯ ಐದು ಜಾಗದಲ್ಲಿ ಸಣ್ಣ ಸೂಜಿ, ಸುಮ್ನೆ ಅರ್ಧ ಗಂಟೆ ಕೂರುವುದು. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ಆಕ್ಯುಪಂಕ್ಚರ್ ಚಿಕಿತ್ಸಕರು ಸಂಘ ಕಟ್ಟಿಕೊಂಡು ಇದನ್ನು ಸಂತ್ರಸ್ತರ ಹತ್ತಿರ ಒಯ್ದರು, 2010ರಲ್ಲಿ ಹೈಟಿಯ ಭೂಕಂಪಕ್ಕೂ ಹೋದರು. ಅಲ್ಲಿ ನನಗೆ ಹಿಡಿಸಿದ್ದು ಸೂಜಿಗಿಂತ ಅವರು ಕೂರಿಸುವ ರೀತಿ. ಏನಾಯಿತು ಹೇಳಿ ಎಂದು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಹತ್ತಾರು ಜನ ಒಂದೇ ಸುತ್ತಿನಲ್ಲಿ ಮೌನವಾಗಿ ಕೂರುತ್ತಾರೆ. ನಮ್ಮ ಹಳ್ಳಿಯಲ್ಲಿ ಸೂಜಿ ಬೇಡ ಎಂಬುದೇ ನನ್ನ ಅಭಿಪ್ರಾಯ. ನೀರಿಲ್ಲದ, ಕಸ ಎಸೆಯಲು ಜಾಗವಿಲ್ಲದ ಶಿಬಿರದಲ್ಲಿ ಬಳಸಿದ ಸೂಜಿ ಮಕ್ಕಳ ಕೈಗೆ ಸಿಕ್ಕರೆ ಕಾಮಾಲೆಯಂಥ ರೋಗ ಹರಡಬಹುದು. ಸುತ್ತಿನಲ್ಲಿ ಕೂರಿಸುವುದನ್ನು ಮಾತ್ರ ಕಲಿಯೋಣ.

ಈಗ ನಾವು ಯಾವುದನ್ನು ಮುಟ್ಟಬಾರದು ಎಂಬ ಮಾತಿಗೆ ಬರುತ್ತೇನೆ. ಇದನ್ನು ನಾನೇ ಬರೆಯಬೇಕು, ಯಾಕೆಂದರೆ ನಮ್ಮ ಒಳ್ಳೆಯ ಮನಸ್ಸಿನಿಂದಲೂ ಜೀವ ಹೋಗಬಹುದು.

ಗೋಡೆ ಬಿದ್ದು ಗಂಟೆಗಟ್ಟಲೆ ಕಲ್ಲಿನಡಿ ಕಾಲು ಸಿಕ್ಕಿಕೊಂಡವನನ್ನು ಹೊರಗೆ ತೆಗೆದಾಗ ಅವನು ಮಾತಾಡುತ್ತಾನೆ, ನೀರು ಕೇಳುತ್ತಾನೆ. ಬದುಕಿದ ಎಂದುಕೊಳ್ಳುತ್ತೇವೆ. ಆದರೆ ಜಜ್ಜಿದ ಮಾಂಸಖಂಡದಿಂದ ಪೊಟ್ಯಾಸಿಯಂ ಮತ್ತು ಬೇರೆ ಪದಾರ್ಥಗಳು ರಕ್ತಕ್ಕೆ ನುಗ್ಗುತ್ತವೆ. ಹೃದಯ ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. 1999ರ ಟರ್ಕಿಯ ಮರ್ಮರಾ ಭೂಕಂಪದಲ್ಲಿ ಹೀಗೆ 639 ಜನರ ಮೂತ್ರಪಿಂಡಕ್ಕೆ ತೊಂದರೆಯಾಯಿತು, 477 ಜನರಿಗೆ ಡಯಾಲಿಸಿಸ್ ಬೇಕಾಯಿತು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಪಟ್ಟು ಹಾಕಿ ಬಿಗಿಯುವುದು ಅಪಾಯ. ಅವನಿಗೆ ಬೇಕಾದದ್ದು ನರದ ಮೂಲಕ ಸಲೈನ್ ಮತ್ತು ಡಯಾಲಿಸಿಸ್ ಇರುವ ಆಸ್ಪತ್ರೆ. ಬಾವು ಬಂದಿದೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದೆ ಎಂದು ಗುರುತಿಸಿ ಕೂಡಲೇ ಕಳಿಸಿದರೆ ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಆ ಗುರುತು ಹಿಡಿಯುವುದನ್ನು ನಮಗೆ ಕಲಿಸಿಕೊಡಿ.

ಕೆಸರು ಹತ್ತಿದ ಗಾಯವೂ ಹಾಗೆಯೇ. ಸುನಾಮಿ ನಂತರ ಇಂಡೋನೇಷ್ಯಾದ "ಆಚೆ" ಎಂಬ ಹೆಸರಿನ ಪ್ರಾಂತ್ಯದಲ್ಲಿ ನೂರಕ್ಕೂ ಜಾಸ್ತಿ ಜನರಿಗೆ ಧನುರ್ವಾಯು ಬಂತು. ಅರಿಶಿನ ಮೆತ್ತಿದರೆ ಧನುರ್ವಾಯು ನಿಲ್ಲುವುದಿಲ್ಲ. ಗಾಯ ತೊಳೆದು ಇಂಜೆಕ್ಷನ್ನಿಗೆ ಕಳಿಸಲೇಬೇಕು. ಭೀಮೆ ಉಕ್ಕಿದಾಗ ಹಾವುಗಳು ಮನೆಯೊಳಗೆ ಬರುತ್ತವೆ, ಅಫಜಲಪುರ, ಜೇವರ್ಗಿ, ಶಹಾಪುರ ಕಡೆಯವರಿಗೆ ಗೊತ್ತು. ಹಾವು ಕಚ್ಚಿದವರಿಗೆ ಬೇರು, ಮಂತ್ರ, ಹೊಮಿಯೋ ಗುಳಿಗೆ ಎಂದು ಒಂದು ಗಳಿಗೆಯೂ ಕಳೆಯಬಾರದು. ವಿಷಹರ ಇಂಜೆಕ್ಷನ್ ಇರುವ ಆಸ್ಪತ್ರೆಗೇ ಹೋಗಬೇಕು. ಭೇದಿಗೆ ಮೊದಲು ಓಆರ್‌ಎಸ್, ಆಮೇಲೆ ಉಳಿದದ್ದು. ಬಸುರಿಗೆ ರಕ್ತಸ್ರಾವ ಆದರೆ 108. ಸಕ್ಕರೆ, ಬಿ.ಪಿ., ಟಿ.ಬಿ., ಫಿಟ್ಸ್ ಗುಳಿಗೆಗಳನ್ನು ಯಾರೂ ನಿಲ್ಲಿಸುವಂತಿಲ್ಲ. ನನ್ನ ಅನುಭವದಲ್ಲಿ ಶಿಬಿರದ ದೊಡ್ಡ ಕಾಯಿಲೆ ಎಂದರೆ ಇದೇ: ಗುಳಿಗೆ ಮನೆಯೊಳಗೆ ಉಳಿದಿರುತ್ತದೆ, ಮನೆಯೊಳಗೆ ಹೋಗಲು ಧೈರ್ಯ ಇರುವುದಿಲ್ಲ. ಯಾರು ಯಾವ ಗುಳಿಗೆ ಬಿಟ್ಟಿದ್ದಾರೆ ಎಂದು ಹಾಸಿಗೆ ಹಾಸಿಗೆಗೂ ಹೋಗಿ ಬರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಕೆಲಸವೊಂದನ್ನೇ ನಮಗೆ ಕೊಟ್ಟರೂ ಸಾಕು, ಎಷ್ಟೋ ಪಾರ್ಶ್ವವಾಯು ತಪ್ಪುತ್ತದೆ.

ಹಾಗಾದರೆ ನಮ್ಮ ಕೈಯಿಂದ ಆಗುವುದೇನು? ಬಹಳ ಇದೆ. ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿ ಸೊಂಟ ಹಿಡಿದ ಹಿರಿಯರಿಗೆ, ಬೇರೆ ಗಾಯ ಇಲ್ಲ ಎಂದು ನೋಡಿಕೊಂಡು, ಬಿಸಿ ಎಣ್ಣೆ ಹಚ್ಚಬಹುದು. ಆ ಹತ್ತು ನಿಮಿಷದಲ್ಲಿ ಅವರು ಎದೆಯಲ್ಲಿದ್ದದ್ದನ್ನು ತಾವಾಗಿಯೇ ಹೇಳುತ್ತಾರೆ. ಕೆಸರಲ್ಲಿ ನಿಂತು ಬೆರಳ ಸಂದಿ ಕೊಳೆತವರ ಕಾಲು ತೊಳೆದು ಒಣಗಿಸಬಹುದು. ನಿಧಾನದ ಉಸಿರಾಟ ಕಲಿಸಬಹುದು. ಅದರಲ್ಲೂ ಜಾಗ್ರತೆ ಬೇಕು. ಕಪಾಲಭಾತಿ, ಭಸ್ತ್ರಿಕಾದಂಥ ಜೋರಿನ ಅಭ್ಯಾಸ ಬಿ.ಪಿ. ಇದ್ದವರಿಗೆ, ಬಸುರಿಯರಿಗೆ ಬೇಡ. ಕಣ್ಣು ಮುಚ್ಚಿ ಎಂದು ಹೇಳಲೂಬಾರದು. ಹೆದರಿದವರು ಕಣ್ಣು ಮುಚ್ಚಿದರೆ ಮತ್ತೆ ಗೋಡೆಯೇ ಕಾಣುತ್ತದೆ. ಕಣ್ಣು ಬಿಟ್ಟುಕೊಂಡು, ಬೆನ್ನಿಗೆ ಮರ ಆನಿಸಿಕೊಂಡು ಕೂತರೆ ಅವರಿಗೆ ಸಮಾಧಾನ.

ಇನ್ನು ಭಾಷೆಯ ಮಾತು. ಚಿಂಚೋಳಿ ಕಡೆ ಲಂಬಾಣಿ ತಾಂಡಾಗಳು ಬಹಳ. ಮೂರೂ ಜಿಲ್ಲೆಯಲ್ಲಿ ಮನೆಯಲ್ಲಿ ದಖನಿ ಉರ್ದು ಮಾತಾಡುವ ಕುಟುಂಬಗಳಿವೆ. ಬೀದರ್ ಕಡೆ ಮರಾಠಿಯವರು, ಯಾದಗಿರಿ ಗಡಿಯಲ್ಲಿ ತೆಲುಗಿನವರು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಾಡು ಇದು, ಹಕೀಮರ ಮೇಲೆ ಜನರಿಗೆ ತಲೆಮಾರಿನ ವಿಶ್ವಾಸ ಇದೆ. ನನ್ನ ಎದುರು ತುಟಿ ಬಿಚ್ಚದ ಒಬ್ಬ ತಾಯಿ, ನಮ್ಮ ಹಕೀಮರು "ಅಮ್ಮಾ, ಕೈಕು ಘಬ್ರಾತೀಂ" (ಅಮ್ಮಾ, ಯಾಕೆ ಹೆದರುತ್ತೀರಿ) ಎಂದು ಕೇಳಿದಾಗ ಗಳಗಳ ಅತ್ತುಬಿಟ್ಟರು. ಆಮೇಲೆ ಅವರೇ ಮಗನ ಜೊತೆ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಲು ಒಪ್ಪಿದರು. ಇಂಥ ವಿಶ್ವಾಸವನ್ನು ಯಾವ ಆದೇಶದಿಂದಲೂ ತರಲಾಗುವುದಿಲ್ಲ. ಇರುವುದನ್ನು ಬಳಸಿಕೊಳ್ಳಿ ಎಂದಷ್ಟೇ ಬೇಡುತ್ತೇನೆ.

ನಿಮ್ಮ ಮೂಲಕ ನಮ್ಮವರಿಗೂ ಕೆಲವು ಮಾತು ಹೇಳಬೇಕಿದೆ. ಆಯುರ್ವೇದ, ಯುನಾನಿ, ಹೋಮಿಯೋಪತಿ, ಯೋಗದ ಗೆಳೆಯರೇ, ಶಿಬಿರಕ್ಕೆ ಹೋಗುವಾಗ ಬ್ಯಾನರ್ ಮನೆಯಲ್ಲಿಡಿ. ಅಳುವವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಕಾಲರಾ ಬಾರದ ಗುಳಿಗೆ, ಭಯ ಬಾರದ ಪುಡಿ ಎಂದು ಹಂಚಬೇಡಿ. ಪಾದರಸ, ಸೀಸ ಸೇರಿರಬಹುದಾದ ರಸೌಷಧಿಗಳನ್ನು ಅಲ್ಲಿಗೆ ಒಯ್ಯಲೇಬೇಡಿ. ಯಾರು ಬಸುರಿ, ಯಾರಿಗೆ ಮೂತ್ರಪಿಂಡದ ತೊಂದರೆ ಎಂದು ಆ ಗದ್ದಲದಲ್ಲಿ ತಿಳಿಯುವುದಿಲ್ಲ. ಲೇಬಲ್, ಬ್ಯಾಚ್ ನಂಬರ್, ಲೈಸೆನ್ಸ್ ಇಲ್ಲದ ಯಾವ ಔಷಧವೂ ಬೇಡ. ನಮ್ಮ ಪದವಿಯ ಆಚೆಗಿನ ಚಿಕಿತ್ಸೆ ಮಾಡುವುದು ಸೇವೆಯಲ್ಲ, ನಿರ್ಲಕ್ಷ್ಯ. ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿದೆ. ಮೊದಲ ವಾರ ಹೋಗಿ ಬಂದು ಮರೆಯುವುದಾದರೆ ಹೋಗಲೇಬೇಡಿ. ಎರಡನೇ ತಿಂಗಳಿನಲ್ಲಿ, ಕ್ಯಾಮೆರಾದವರು, ಲೀಡರ್‌ಗಳು ಎಲ್ಲ ಹೋದ ಮೇಲೆ, ಜನ ಒಳಗೊಳಗೇ ಕುಸಿಯುತ್ತಾರೆ.

ಮಾನ್ಯರೇ, ಇನ್ನು ನಮ್ಮ ಬೇಡಿಕೆಗಳು.

ಎಲ್ಲಕ್ಕಿಂತ ಮೊದಲು ಒಂದು ಪಟ್ಟಿ ಮಾಡಿ. ಜಿಲ್ಲಾ ಆಯುಷ್ ಅಧಿಕಾರಿಗಳ ಮೂಲಕ ಪ್ರತಿ ತಾಲ್ಲೂಕಿನ ನೋಂದಾಯಿತ ವೈದ್ಯರ ಹೆಸರು, ಪದವಿ, ಬಲ್ಲ ಭಾಷೆ ಬರೆಸಿಕೊಳ್ಳಿ. ದಾಖಲೆ ಪರಿಶೀಲಿಸಿ ಗುರುತಿನ ಚೀಟಿ ಕೊಡಿ. ಯೋಗ ಶಿಕ್ಷಕರಿಗೂ ಅವರ ಕಲಿಕೆ ನೋಡಿ ಬೇರೆ ಚೀಟಿ ಕೊಡಬಹುದು. ಗೇಟಿನಲ್ಲಿ ನಿಂತ ನೌಕರನ ಹತ್ತಿರ ಆ ಪಟ್ಟಿಯೂ ಫೋನು ನಂಬರೂ ಇರಲಿ. ಚೀಟಿ ಇಲ್ಲದವರನ್ನು, ಅವರು ಯಾರ ಜೊತೆ ಬಂದಿದ್ದರೂ, ಒಳಗೆ ಬಿಡಬೇಡಿ. ಔಷಧದ ಹೆಸರಲ್ಲಿ ಸುಳ್ಳು ಭರವಸೆ ಮಾರುವವರ ಮೇಲೆ 1954ರ ಮಾಂತ್ರಿಕ ಔಷಧಗಳ ಜಾಹೀರಾತು ಕಾಯ್ದೆ ಇದೆ. ಅದು ಹಳ್ಳಿಯ ಮೈದಾನದಲ್ಲೂ ನಡೆಯಲಿ.

ತರಬೇತಿ ಕೊಡಿ. ವಿಪತ್ತಿನ ಮಾನಸಿಕ ನೆರವಿನಲ್ಲಿ ನಮ್ಮ ನಿಮ್ಹಾನ್ಸ್‌ಗೆ ದೊಡ್ಡ ಅನುಭವ ಇದೆ, ಗುಜರಾತ್ ಭೂಕಂಪದಲ್ಲೂ ಸುನಾಮಿಯಲ್ಲೂ ಅವರು ಕೆಲಸ ಮಾಡಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲಿದೆ. ಅವರು ಎರಡು ದಿನ ಕೂರಿಸಿ ಕಲಿಸಿದರೂ ಸಾಕು: ಹೆದರಿದವರ ಹತ್ತಿರ ಹೇಗೆ ಮಾತಾಡಬೇಕು, ಸಾಯುವ ಮಾತಾಡುವವರನ್ನು ಹೇಗೆ ಗುರುತಿಸಬೇಕು, ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹೇಗೆ ಜೋಡಿಸಬೇಕು. ಹಾಗೆಯೇ ತಾಲ್ಲೂಕು ಆಸ್ಪತ್ರೆಯವರು ಜಜ್ಜಿದ ಗಾಯ, ಧನುರ್ವಾಯು, ಹಾವು ಕಡಿತದ ಬಗ್ಗೆ ಒಂದು ದಿನ ಹೇಳಲಿ.

ಕಾಳಜಿ ಕೇಂದ್ರಗಳಲ್ಲಿ, ಅಂದರೆ ಸಂತ್ರಸ್ತರ ಶಿಬಿರಗಳಲ್ಲಿ, ನಮ್ಮನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಕೈಕೆಳಗೆ ಇಡಿ, ಬೇರೆ ಟೆಂಟು ಬೇಡ. ಒಂದೇ ರಿಜಿಸ್ಟರ್ ಇರಲಿ. ನಾವು ಯಾರಿಗೆ ಏನು ಕೊಟ್ಟೆವು ಎಂಬುದು ಅದರಲ್ಲಿ ಬರೆದಿರಲಿ, ಅವರು ಓದಲಿ, ತಪ್ಪಿದ್ದರೆ ನಿಲ್ಲಿಸಲಿ. ಮೂರು ತಿಂಗಳ ನಂತರ ಆ ರಿಜಿಸ್ಟರ್ ತೆಗೆದು, ನಿದ್ದೆ ಬಾರದವರಲ್ಲಿ ಎಷ್ಟು ಜನ ಸರಿಹೋದರು, ಎಷ್ಟು ಜನರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕಾಯಿತು ಎಂದು ಲೆಕ್ಕ ಹಾಕಿಸಿ. ನಮ್ಮಿಂದ ಉಪಯೋಗ ಆಗಿಲ್ಲ ಎಂದು ಆ ಲೆಕ್ಕ ತೋರಿಸಿದರೆ ನಮ್ಮನ್ನು ಬಿಟ್ಟುಬಿಡಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ರೊಕ್ಕದ ಮಾತು ಕೊನೆಗೆ. ನಮಗೆ ಸಂಬಳ ಬೇಡ. ಬಿ.ಪಿ. ಯಂತ್ರ, ಸಕ್ಕರೆ ಪಟ್ಟಿ, ಓಆರ್‌ಎಸ್, ಕೈಗವಸು, ಹೋಗಿ ಬರುವ ಗಾಡಿಯ ಖರ್ಚು ಇಷ್ಟನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದಲೋ ವಿಪತ್ತು ನಿಧಿಯಿಂದಲೋ ಕೊಡಲು ಸಾಧ್ಯವೇ ಎಂದು ನೋಡಿ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ, ಯಾದಗಿರಿಯಲ್ಲಿ ಎಷ್ಟು ಜನ ಮನೆ ಬಿಟ್ಟರು ಎಂಬುದು ನಿಮಗೆ ಗೊತ್ತು. ಅದರ ಮುಂದಿನ ವರ್ಷವೇ ಚಿಂಚೋಳಿಯಲ್ಲಿ ಭೂಮಿ ನಡುಗಿತು. ಮುಂದಿನದಕ್ಕೆ ತಾರೀಖು ಹೇಳುವವರು ಯಾರೂ ಇಲ್ಲ.

ಈ ವರ್ಷದ ಯೋಜನೆಯನ್ನು ಪರಿಶೀಲಿಸುವ ಸಭೆಗೆ ಮೂರೂ ಜಿಲ್ಲೆಗಳಿಂದ ತಲಾ ಇಬ್ಬರನ್ನು ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಜಿಲ್ಲಾ ಆರೋಗ್ಯಾಧಿಕಾರಿಗಳೂ ಆಯುಷ್ ಅಧಿಕಾರಿಗಳೂ ಒಟ್ಟಿಗೆ ಕೂರಲಿ. ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬ ಎರಡು ಪುಟದ ಕರಡು ನಾವು ಬರೆದಿಟ್ಟಿದ್ದೇವೆ. ಅದರಲ್ಲಿ ನಿಮ್ಮ ವೈದ್ಯರು ಹೊಡೆದುಹಾಕಿದ್ದನ್ನು ಹೊಡೆದುಹಾಕಿ, ಸೇರಿಸಿದ್ದನ್ನು ಸೇರಿಸಿ, ಸಹಿ ಮಾಡಿ ಕೊಡಿ. ಮಳೆಗಾಲಕ್ಕೆ ಮೊದಲು ಈ ಸಭೆ ಯಾವ ದಿನ ಎಂದು ತಿಳಿಸಿದರೆ ನಮ್ಮ ದವಾಖಾನೆ ಮುಚ್ಚಿ ನಮ್ಮ ಖರ್ಚಿನಲ್ಲೇ ಬರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಆಯುರ್ವೇದ ವೈದ್ಯೆ ಮತ್ತು ಗೆಳೆಯರು
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ